ಹೆದ್ದಾರಿಯಲ್ಲಿ ಟ್ರ್ಯಾಕ್ಟರ್: ಸೇರುವ, ದಾಟುವ ಮತ್ತು ಲಾರಿಗಳೊಡನೆ ಸಾಗುವ ಕ್ರಮ

ತುಮಕೂರಿನಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಒಂದು ಹಳ್ಳಿಯಲ್ಲಿ ಶೇಂಗಾ ಬೆಳೆಯ ಬಗ್ಗೆ ರೈತರ ತರಬೇತಿ ನಡೆದಿತ್ತು. ಬೀಜೋಪಚಾರ, ಜಿಪ್ಸಂ ಬಳಕೆ, ಕೊಯ್ಲಿನ ಸರಿಯಾದ ಕಾಲ ಇವೆಲ್ಲವನ್ನೂ ತಿಳಿಸಿದ ಮೇಲೆ ಪ್ರಶ್ನೆಗಳಿದ್ದರೆ ಕೇಳಬಹುದೆಂದು ಹೇಳಿದೆ. ಹಿಂದಿನ ಸಾಲಿನಲ್ಲಿದ್ದ, ಐವತ್ತು ದಾಟಿದ ರೈತರೊಬ್ಬರು ಎದ್ದು ನಿಂತರು.

"ಸಾರ್, ಬೆಳೆಯೋದು ಹೇಳಿಕೊಟ್ರಿ. ಬೆಳೆದದ್ದನ್ನ ಮನೆಗೆ ತರೋದು ಹೆಂಗೆ ಅಂತಾನೂ ಹೇಳಿ. ನಮ್ಮ ಮನೆ ಈ ಕಡೆ, ಹೊಲ ಆ ಕಡೆ. ಮಧ್ಯದಾಗೆ ರೋಡು. ಹೋದ ವರ್ಷ ನಮ್ಮಣ್ಣ ಶೇಂಗಾ ತುಂಬಿಕೊಂಡು ದಾಟಿಸ್ತಾ ಇದ್ದಾಗ ಟ್ರೇಲರ್ ಹಿಂದಕ್ಕೆ ಲಾರಿ ಬಡೀತು. ಅಣ್ಣ ಉಳಿದ. ಮೇಲೆ ಕೂತಿದ್ದ ಅತ್ತಿಗೆ ಉಳೀಲಿಲ್ಲ."

ಸಭೆ ಮೌನವಾಯಿತು. ಇದು ನನ್ನ ವಿಷಯವಲ್ಲವೆಂದು ಹೇಳಿ ಕೂರಬಹುದಿತ್ತು. ಆದರೆ ಬಿತ್ತನೆಯಿಂದ ಮಾರುಕಟ್ಟೆಯವರೆಗಿನ ಎಲ್ಲ ಕೆಲಸವೂ ಬೇಸಾಯವೇ. ಕಳೆ, ಕೀಟ, ರೋಗಗಳಿಂದ ಬೆಳೆಯನ್ನು ಉಳಿಸಿದ ರೈತ ಕೊನೆಯ ಇಪ್ಪತ್ತು ಮೀಟರ್ ಡಾಂಬರು ದಾಟುವಾಗ ಪ್ರಾಣ ಕಳೆದುಕೊಳ್ಳುವುದಾದರೆ ನಮ್ಮ ಸಲಹೆಗಳಿಗೆ ಅರ್ಥವೇನು? ಮರುದಿನ ಆ ರೈತರ ಕಣದಲ್ಲಿಯೇ ಒಂದು ಸಣ್ಣ ಅಳತೆ ಮಾಡಿ ನೋಡಿದೆವು. ಅದರಿಂದ ಕಂಡುಬಂದ ವಿಷಯವನ್ನೂ, ಹೆದ್ದಾರಿಯಲ್ಲಿ ಪಾಲಿಸಬೇಕಾದ ಇತರ ಕ್ರಮಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಲಾರಿ ಏಕೆ ಕೂಡಲೆ ನಿಲ್ಲುವುದಿಲ್ಲ?

"ನಮ್ಮನ್ನು ನೋಡಿದ ಮೇಲೆ ಅವನೇ ನಿಲ್ಲಿಸುತ್ತಾನೆ" ಎಂಬ ನಂಬಿಕೆ ನಮ್ಮಲ್ಲಿ ಸಾಮಾನ್ಯ. ಎತ್ತಿನ ಗಾಡಿಯ ಕಾಲದಲ್ಲಿ, ಒಂಟಿ ರಸ್ತೆಯಲ್ಲಿ, ಇದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗಿನ ನಾಲ್ಕು ಮತ್ತು ಆರು ಪಥಗಳ ರಸ್ತೆಯಲ್ಲಿ ಈ ನಂಬಿಕೆಯೇ ಮೊದಲ ಅಪಾಯ.

2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಗಳ ಪ್ರಕಾರ, ಮೂರು ಅಚ್ಚಿನ ಲಾರಿಯೊಂದು ಸರಕೂ ಸೇರಿ 28.5 ಟನ್ ತೂಗಬಹುದು. ನಾಲ್ಕು ಪಥಗಳ ಹೆದ್ದಾರಿಯಲ್ಲಿ ಸರಕು ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮತ್ತು ಕಾರುಗಳಿಗೆ 100 ಕಿ.ಮೀ. ಗರಿಷ್ಠ ವೇಗ ಎಂದು ನಿಗದಿಯಾಗಿದೆ. ಇಷ್ಟು ತೂಕ, ಇಷ್ಟು ವೇಗದಲ್ಲಿ ಬರುವಾಗ ಚಾಲಕನ ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ಗಾಡಿ ಒಮ್ಮೆಲೇ ನಿಲ್ಲದು.

ಲಾರಿ ನಿಲ್ಲುವ ದೂರದಲ್ಲಿ ಎರಡು ಭಾಗಗಳಿವೆ. ಅಡ್ಡ ಬಂದದ್ದನ್ನು ಕಣ್ಣು ಕಂಡು, ಕಾಲು ಬ್ರೇಕಿನ ಮೇಲೆ ಹೋಗಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟು ಹೊತ್ತು ಗಾಡಿ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಇದು ಮೊದಲನೆಯ ಭಾಗ. ಬ್ರೇಕು ಹಿಡಿದ ಮೇಲೆ ಗಾಡಿ ಪೂರ್ಣ ನಿಲ್ಲುವವರೆಗೆ ಸಾಗುವ ದೂರ ಎರಡನೆಯದು. ತುಂಬಿದ ಲಾರಿಯ ಬ್ರೇಕು ಸುಸ್ಥಿತಿಯಲ್ಲಿದೆ ಎಂದು ಭಾವಿಸಿ ಮಾಡಿದ ಸ್ಥೂಲ ಲೆಕ್ಕ ಹೀಗಿದೆ:

ಗಂಟೆಗೆ 40 ಕಿ.ಮೀ. ವೇಗ: ಸೆಕೆಂಡಿಗೆ 11 ಮೀಟರ್ ಓಟ; ನಿಲ್ಲಲು ಒಣ ರಸ್ತೆಯಲ್ಲಿ 32 ಮೀಟರ್, ಒದ್ದೆ ರಸ್ತೆಯಲ್ಲಿ 41 ಮೀಟರ್.
ಗಂಟೆಗೆ 60 ಕಿ.ಮೀ. ವೇಗ: ಸೆಕೆಂಡಿಗೆ 17 ಮೀಟರ್ ಓಟ, ನಿಲ್ಲಲು ಒಣ ರಸ್ತೆಯಲ್ಲಿ 60 ಮೀಟರ್, ಒದ್ದೆ ರಸ್ತೆಯಲ್ಲಿ 81 ಮೀಟರ್.
ಗಂಟೆಗೆ 80 ಕಿ.ಮೀ. ವೇಗ: ಸೆಕೆಂಡಿಗೆ 22 ಮೀಟರ್ ಓಟ, ನಿಲ್ಲಲು ಒಣ ರಸ್ತೆಯಲ್ಲಿ 95 ಮೀಟರ್, ಒದ್ದೆ ರಸ್ತೆಯಲ್ಲಿ 132 ಮೀಟರ್.

ವೇಗ ಎರಡರಷ್ಟಾದರೆ ನಿಲ್ಲುವ ದೂರ ಸುಮಾರು ಮೂರರಷ್ಟಾಗುವುದನ್ನು ಗಮನಿಸಿ. ಲಾರಿಯ ಟೈರು ಸವೆದಿದ್ದರೆ, ಇಳಿಜಾರಿದ್ದರೆ, ಚಾಲಕ ನಿದ್ದೆಗೆಟ್ಟಿದ್ದರೆ ಈ ದೂರ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಕಾಯಬೇಕಾದವರು ನಾವು. ಎಷ್ಟು ಕಾಯಬೇಕು ಎಂಬುದನ್ನು ಅಂದಾಜಿಗೆ ಬಿಡದೆ ಅಳೆದು ತಿಳಿಯಬೇಕು.

ಕಣದಲ್ಲಿ ಮಾಡಬಹುದಾದ ಅಳತೆ

ಎದುರಿಗೆ ನೇರವಾಗಿ ಬರುವ ವಾಹನದ ದೂರವನ್ನು ನಮ್ಮ ಕಣ್ಣು ಹೇಗೋ ಅಂದಾಜು ಮಾಡುತ್ತದೆ. ಅದರ ವೇಗವನ್ನು ಮಾತ್ರ ಸರಿಯಾಗಿ ಗುರುತಿಸಲಾರದು. ದೂರದ ಲಾರಿ ನಿಂತಂತೆಯೇ ಕಂಡು, ಹತ್ತಿರ ಬಂದಾಗ ಒಮ್ಮೆಲೇ ದೊಡ್ಡದಾಗುತ್ತದೆ. ಹೀಗಾಗಿ ನಮ್ಮ ಗಾಡಿ ದಾಟಲು ಎಷ್ಟು ಸೆಕೆಂಡು ಬೇಕು ಎಂಬುದು ಮೊದಲೇ ಗೊತ್ತಿರಬೇಕು.

ನಾಲ್ಕು ಪಥಗಳ ರಸ್ತೆಯನ್ನು ದಾಟಲು ಟ್ರ್ಯಾಕ್ಟರ್ ಸಾಗಬೇಕಾದ ದೂರವನ್ನು ಹೀಗೆ ಲೆಕ್ಕ ಹಾಕಬಹುದು. ಒಂದೊಂದು ಪಥ ಮೂರೂವರೆ ಮೀಟರ್ ಅಗಲ. ಒಂದು ಬದಿಯ ಎರಡು ಪಥಗಳು ಮತ್ತು ಡಾಂಬರು ಹಾಕಿದ ಅಂಚು ಸೇರಿ ಸುಮಾರು ಎಂಟೂವರೆ ಮೀಟರ್. ಎರಡೂ ಬದಿ ಸೇರಿ 17 ಮೀಟರ್. ನಡುವಿನ ವಿಭಜಕ ನಾಲ್ಕೈದು ಮೀಟರ್. ಟ್ರ್ಯಾಕ್ಟರ್ ಮತ್ತು ಒಂದು ಟ್ರೇಲರಿನ ಉದ್ದ ಸುಮಾರು 9 ಮೀಟರ್. ರಸ್ತೆಯ ಅಂಚಿನಿಂದ ಹಿಂದೆ ನಿಂತ ಜಾಗ 3 ಮೀಟರ್. ಒಟ್ಟು ಹತ್ತಿರ ಹತ್ತಿರ 35 ಮೀಟರ್. ಟ್ರ್ಯಾಕ್ಟರಿನ ಮೂತಿ ಆಚೆ ಮುಟ್ಟಿದರೆ ದಾಟಿದಂತಲ್ಲ, ಟ್ರೇಲರಿನ ಬಾಲವೂ ಆಚೆ ಹೋಗಬೇಕು. ಆ ರೈತರ ಅಣ್ಣನ ಟ್ರ್ಯಾಕ್ಟರ್ ದಾಟಿತ್ತು; ಟ್ರೇಲರ್ ದಾಟಿರಲಿಲ್ಲ.

ಕಣದಲ್ಲಾಗಲಿ, ವಾಹನ ಸಂಚಾರವಿಲ್ಲದ ಹೊಲದ ದಾರಿಯಲ್ಲಾಗಲಿ 35 ಮೀಟರ್ ಅಳೆದು ಎರಡು ಗೂಟ ನೆಡಿ. ಎರಡು ಟ್ರೇಲರ್ ಎಳೆಯುವವರು ಇನ್ನೂ 5 ಮೀಟರ್ ಸೇರಿಸಿಕೊಳ್ಳಿ. ಹೊರೆ ತುಂಬಿದ ಗಾಡಿಯನ್ನು ಮೊದಲನೆಯ ಗೂಟದ ಬಳಿ ಪೂರ್ಣ ನಿಲ್ಲಿಸಿ, ಎಂದಿನಂತೆ ಹೊರಡಿಸಿ. ಮುಂಭಾಗ ಎರಡನೆಯ ಗೂಟ ತಲಪುವವರೆಗಿನ ಕಾಲವನ್ನು ಮೊಬೈಲಿನ ಗಡಿಯಾರದಲ್ಲಿ ನೋಡಿಕೊಳ್ಳಿ. ಮೂರು ಸಲ ಮಾಡಿ, ಅತಿ ಹೆಚ್ಚು ಬಂದ ಕಾಲವನ್ನೇ ಇಟ್ಟುಕೊಳ್ಳಿ. ಗೇರು ಸಿಕ್ಕಿಕೊಳ್ಳುವುದು, ಎಂಜಿನ್ ಎಳೆಯಲಾರದೆ ಅಳ್ಳಾಡುವುದು ಇತ್ಯಾದಿಗಳಿಗಾಗಿ 3 ಸೆಕೆಂಡು ಸೇರಿಸಿ.

ಆ ದಿನ ಶೇಂಗಾ ತುಂಬಿದ ಒಂದು ಟ್ರೇಲರಿಗೆ 17 ಸೆಕೆಂಡು ಬಂತು. ಮೂರು ಸೇರಿಸಿದರೆ 20. ಇಪ್ಪತ್ತು ಸೆಕೆಂಡಿನಲ್ಲಿ 80 ಕಿ.ಮೀ. ವೇಗದ ಲಾರಿ ಸುಮಾರು 440 ಮೀಟರ್ ಸಾಗುತ್ತದೆ, 100 ಕಿ.ಮೀ. ವೇಗದ ಕಾರು ಸುಮಾರು 555 ಮೀಟರ್. ಈ ದೂರವನ್ನು ಅಳೆಯಲು ರಸ್ತೆಯಲ್ಲಿಯೇ ಸಾಧನವಿದೆ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಪ್ರತಿ 200 ಮೀಟರಿಗೆ 2, 4, 6, 8 ಎಂದು ಬರೆದ ಸಣ್ಣ ಕಲ್ಲುಗಳಿರುತ್ತವೆ. 555 ಮೀಟರ್ ಎಂದರೆ ಹೆಚ್ಚುಕಡಿಮೆ ಮೂರು ಕಲ್ಲಿನ ದೂರ. ಅಂದರೆ, ಈ ಗಾಡಿ ಕ್ಷೇಮವಾಗಿ ದಾಟಬೇಕಾದರೆ ಎಡಕ್ಕೂ ಬಲಕ್ಕೂ ಮೂರು ಮೂರು ಕಲ್ಲಿನ ದೂರ ರಸ್ತೆ ಖಾಲಿ ಇರಬೇಕು.

ಲೆಕ್ಕ ಕೇಳಿದ ಆ ರೈತರು, "ನಾವು ಒಂದು ಕಲ್ಲಿನ ದೂರಾನೇ ಬೇಕಾದಷ್ಟು ಅಂದ್ಕೊಂಡಿದ್ವಿ ಸಾರ್" ಎಂದರು. ಒಂದು ಕಲ್ಲಿನ ದೂರವನ್ನು ಲಾರಿ ಕ್ರಮಿಸಲು ಒಂಬತ್ತು ಸೆಕೆಂಡು ಸಾಕು. ಅಷ್ಟರಲ್ಲಿ ಅವರ ಟ್ರೇಲರ್ ರಸ್ತೆಯ ಮಧ್ಯದಲ್ಲಿರುತ್ತದೆ.

ದಾಟುವ ಕ್ರಮ

1. ಕೆಳಸೇತುವೆ ಅಥವಾ ಮೇಲ್ಸೇತುವೆ ಇದ್ದಲ್ಲಿ ಅದನ್ನೇ ಬಳಸಿ. ಎರಡು ಕಿಲೋಮೀಟರ್ ಸುತ್ತು ಬಂದರೂ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹಿಡಿಯುವ ಕಾಲ ಆರು ನಿಮಿಷ. ಖರ್ಚಾಗುವ ಡೀಸೆಲ್ ಸುಮಾರು ಅರ್ಧ ಲೀಟರ್. ಹಂಗಾಮಿನ ಲೆಕ್ಕದಲ್ಲಿ ಇದನ್ನು ಕಳೆ ಕೀಳುವ ಕೂಲಿಯಂತೆ ತಪ್ಪದ ಖರ್ಚೆಂದು ಬರೆದುಕೊಳ್ಳಿ.

2. ಮೋಟಾರ್ ಸೈಕಲ್ ವಿಭಜಕದ ನಡುವೆ ನಿಂತು, ಎರಡು ಕಂತಿನಲ್ಲಿ ದಾಟಬಹುದು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಾಗೆ ನಿಲ್ಲಲಾಗದು. ನಾಲ್ಕೈದು ಮೀಟರಿನ ಜಾಗದಲ್ಲಿ ಒಂಬತ್ತು ಮೀಟರಿನ ಗಾಡಿ ನಿಂತರೆ ಅದರ ಬಾಲ ವೇಗದ ಪಥದಲ್ಲಿಯೇ ಉಳಿಯುತ್ತದೆ.

3. ತಿರುವು, ದಿಬ್ಬ, ಗಿಡಮರಗಳಿಂದಾಗಿ ಮೂರು ಕಲ್ಲಿನ ದೂರ ಕಾಣದ ಜಾಗದಲ್ಲಿ ಎಷ್ಟೇ ಅವಸರವಿದ್ದರೂ ದಾಟಕೂಡದು.

4. ನಿಮ್ಮ ಹಳ್ಳಿಯ ಬಳಿ ಕೆಳಸೇತುವೆ ಇಲ್ಲದಿದ್ದಲ್ಲಿ, ವಿಭಜಕವನ್ನು ಒಡೆದು ಕಳ್ಳದಾರಿ ಮಾಡುವುದು ಪರಿಹಾರವಲ್ಲ. ಅಂತಹ ಕಿಂಡಿ ಇರುವುದು ಹೊರ ಊರಿನ ಲಾರಿ ಚಾಲಕನಿಗೆ ತಿಳಿದಿರುವುದಿಲ್ಲ. ಗ್ರಾಮ ಪಂಚಾಯತಿಯಲ್ಲಿ ನಿರ್ಣಯ ಮಾಡಿ, ಎಷ್ಟು ಮನೆಗಳ ಹೊಲ ಆಚೆ ಇದೆ, ದಿನಕ್ಕೆ ಎಷ್ಟು ಗಾಡಿ ದಾಟುತ್ತವೆ ಎಂಬ ವಿವರದೊಡನೆ ಜಿಲ್ಲಾಧಿಕಾರಿಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಬರೆಯಿರಿ. ಅಂಕಿ ಸಹಿತ ಬರೆದ ಅರ್ಜಿಗೆ ಬೆಲೆ ಹೆಚ್ಚು.

ಹೆದ್ದಾರಿಗೆ ಸೇರುವ ಕ್ರಮ

ಮೊದಲು ಆ ರಸ್ತೆ ಯಾವ ಬಗೆಯದೆಂದು ತಿಳಿಯಿರಿ. ಬೆಂಗಳೂರು-ಮೈಸೂರು ಪ್ರವೇಶ ನಿಯಂತ್ರಿತ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್, ದ್ವಿಚಕ್ರ ವಾಹನ ಮತ್ತು ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ. ಮಂಡ್ಯ, ರಾಮನಗರದ ಕಡೆಯ ರೈತರು ಕಬ್ಬು, ತೆಂಗಿನಕಾಯಿ, ಹಾಲಿನ ಸಾಗಣೆಗೆ ಪಕ್ಕದ ಸರ್ವಿಸ್ ರಸ್ತೆಯನ್ನೇ ಬಳಸಬೇಕು. ಇತರ ಹೆದ್ದಾರಿಗಳಲ್ಲಿಯೂ ಸರ್ವಿಸ್ ರಸ್ತೆ ಇದ್ದಷ್ಟು ದೂರ ಅದರಲ್ಲಿಯೇ ಸಾಗುವುದು ಕ್ಷೇಮ.

ಟ್ರ್ಯಾಕ್ಟರಿಗೆ: ಹೊಲದ ದಾರಿಯಿಂದ ಹೆದ್ದಾರಿಗೆ ಏರುವ ಮುನ್ನ ಪೂರ್ಣವಾಗಿ ನಿಲ್ಲಿಸಿ. ತುಂಬಿದ ಗಾಡಿ ನಿಂತಲ್ಲಿಂದ ಹೊರಟು ಗಂಟೆಗೆ 20 ಕಿ.ಮೀ. ವೇಗ ಪಡೆಯಲು ಹತ್ತು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಹಿಂದಿನ ಲಾರಿ 220 ಮೀಟರ್ ಮುಂದೆ ಬಂದಿರುತ್ತದೆ. ಆ ಮೇಲೂ ಅದಕ್ಕೆ ವೇಗ ತಗ್ಗಿಸಲು ಜಾಗ ಬೇಕು. ಆದ್ದರಿಂದ ಹಿಂದೆ ಎರಡು ಕಲ್ಲಿನ ದೂರ ಖಾಲಿ ಇರುವಾಗ ಮಾತ್ರ ಸೇರಿ. ಸೇರುವಾಗ ಎಡ ಅಂಚನ್ನು ಬಿಡಬೇಡಿ. ಬಲ ಪಥಕ್ಕೆ ಹಾಯುವುದು ಬೇಡ. ಮಣ್ಣು ಮೆತ್ತಿದ ಚಕ್ರಗಳನ್ನು ದಾರಿಯಲ್ಲಿಯೇ ಕೆರೆದು ಸ್ವಚ್ಛಗೊಳಿಸಿ. ರಸ್ತೆಯ ಮೇಲೆ ಬಿದ್ದ ಕೆಸರಿನ ಹೆಂಟೆ ಮಳೆಯಲ್ಲಿ ಹಿಂದಿನ ಮೋಟಾರ್ ಸೈಕಲ್ಲನ್ನು ಜಾರಿಸುತ್ತದೆ.

ಸಣ್ಣ ಸರಕು ಗಾಡಿ ಮತ್ತು ಕಾರಿಗೆ: ಟೊಮೇಟೊ, ಹೂವು, ತರಕಾರಿ ಸಾಗಿಸುವ ಪಿಕಪ್ ಗಾಡಿಗಳ ಕ್ರಮ ಬೇರೆ. ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವಲ್ಲಿ ಉದ್ದನೆಯ ಸೇರುಪಥವಿದ್ದರೆ, ಅದು ವೇಗ ಕೂಡಿಸಿಕೊಳ್ಳಲು ಇರುವ ಜಾಗ. ಅಲ್ಲಿ ತೆವಳುತ್ತಾ ಹೋಗಿ ತುದಿಯಲ್ಲಿ ನಿಂತರೆ, ನಿಂತಲ್ಲಿಂದ ಎಂಬತ್ತರ ವೇಗದ ಸಾಲಿಗೆ ನುಗ್ಗಬೇಕಾಗುತ್ತದೆ. ಸೇರುಪಥದ ಮೊದಲಲ್ಲಿಯೇ ಬಲ ಸೂಚಕ ದೀಪ ಹಾಕಿ, ಕನ್ನಡಿ ನೋಡಿ, ಬಲ ಹೆಗಲ ಮೇಲಿಂದ ಒಮ್ಮೆ ಹೊರಳಿ ನೋಡಿ, ಎಡ ಪಥದ ವಾಹನಗಳ ವೇಗಕ್ಕೆ ಸಮನಾಗಿ ಓಡುತ್ತಾ ಸೇರಿಕೊಳ್ಳಿ. ಮುಖ್ಯ ರಸ್ತೆಯಲ್ಲಿ ಬರುವವರಿಗೆ ದಾರಿ ಬಿಡುವುದು ಸೇರುವವರ ಹೊಣೆ. ಲಾರಿ ಬರುತ್ತಿದ್ದರೆ ಅದನ್ನು ಮುಂದೆ ಬಿಟ್ಟು ಅದರ ಹಿಂದೆ ಸೇರಿ. ಲಾರಿಯ ಮುಂದೆ ತೂರಿಕೊಂಡು ಉಳಿಸುವುದು ಐದು ಸೆಕೆಂಡು ಮಾತ್ರ. ಸೇರುಪಥ ಗಿಡ್ಡವಾಗಿದ್ದರೆ ಅಥವಾ ಇಲ್ಲದಿದ್ದರೆ, ಪೂರ್ಣ ನಿಂತು ದೊಡ್ಡ ಬಿಡುವಿಗಾಗಿ ಕಾಯಿರಿ.

ವಿರುದ್ಧ ದಿಕ್ಕಿನ ಓಡಾಟ: ಮುಂದಿನ ಯೂ-ಟರ್ನ್ ದೂರವೆಂದು ಹಾಲಿನ ಕ್ಯಾನು ಕಟ್ಟಿದ ಬೈಕುಗಳೂ, ಕೆಲವೊಮ್ಮೆ ಟ್ರ್ಯಾಕ್ಟರುಗಳೂ ರಸ್ತೆಯ ಅಂಚಿನಲ್ಲಿ ಎದುರು ದಿಕ್ಕಿಗೆ ಬರುವುದನ್ನು ದಿನವೂ ಕಾಣುತ್ತೇವೆ. 80 ಕಿ.ಮೀ. ವೇಗದ ಲಾರಿಯ ಎದುರಿಗೆ 30 ಕಿ.ಮೀ. ವೇಗದಲ್ಲಿ ಬಂದರೆ, ಒಂದು ಕಲ್ಲಿನ ದೂರ ಆರೂವರೆ ಸೆಕೆಂಡಿನಲ್ಲಿ ತೀರಿಹೋಗುತ್ತದೆ. ಇದನ್ನು ಪೂರ್ಣವಾಗಿ ಬಿಡತಕ್ಕದ್ದು.

ಲಾರಿಯೊಡನೆ ಸಾಗುವಾಗ

ಲಾರಿಯ ಸುತ್ತ ಚಾಲಕನಿಗೆ ಕಾಣದ ಜಾಗಗಳಿವೆ. ಮೂತಿಯ ಕೆಳಗೆ ಕೆಲವು ಅಡಿ, ಹಿಂಬದಿಗೆ ಅಂಟಿದಂತಿರುವ ಜಾಗ, ಮತ್ತು ಎರಡು ಪಕ್ಕಗಳು. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುವುದರಿಂದ ಎಡಪಕ್ಕದಲ್ಲಿ ಕಾಣದ ಭಾಗ ಹೆಚ್ಚು. ನಮ್ಮ ದ್ವಿಚಕ್ರ ವಾಹನಗಳು ನುಸುಳುವುದು ಅದೇ ಎಡಪಕ್ಕದಲ್ಲಿ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲವೆಂದು ತಿಳಿಯಿರಿ.

ಎಡಕ್ಕೆ ತಿರುಗುವ ಲಾರಿ ಮೊದಲು ಸ್ವಲ್ಪ ಬಲಕ್ಕೆ ಸರಿಯುತ್ತದೆ. ಇದನ್ನು ಕಂಡು ಎಡಗಡೆ ಜಾಗವಾಯಿತೆಂದು ನುಗ್ಗಬೇಡಿ. ಲಾರಿಯ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರದೆ ಒಳಬದಿಗೆ ಕತ್ತರಿಸಿಕೊಂಡು ಬರುತ್ತವೆ. ಟ್ರೇಲರ್ ಓಡಿಸುವವರಿಗೆ ಇದು ಸ್ವಂತ ಅನುಭವ; ಬದುವಿನ ಮೂಲೆಯಲ್ಲಿ ತಿರುಗುವಾಗ ಟ್ರೇಲರಿನ ಚಕ್ರ ಬದುವನ್ನು ತುಳಿಯುವುದಿಲ್ಲವೇ?

ಮುಂದಿನ ಲಾರಿ ಬಲ ಸೂಚಕ ದೀಪ ಹಾಕಿದರೆ "ಹಿಂದಿಕ್ಕಿ ಹೋಗು" ಎಂಬ ಅರ್ಥವೂ ಇರಬಹುದು, "ನಾನು ಬಲಕ್ಕೆ ತಿರುಗುತ್ತೇನೆ" ಎಂದೂ ಇರಬಹುದು. ಕ್ಲೀನರ್ ಕೈ ಬೀಸಿದನೆಂಬ ಕಾರಣಕ್ಕೂ ಮುಂದೆ ಹೋಗಬೇಡಿ. ಮುಂದಿನ ರಸ್ತೆಯನ್ನು ನಿಮ್ಮ ಕಣ್ಣಿನಿಂದಲೇ ಕಂಡ ಮೇಲೆ ಹೋಗಿ. ದೊಡ್ಡ ಲಾರಿ ಪಕ್ಕದಲ್ಲಿ ಹಾಯುವಾಗ ಗಾಳಿ ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಎಳೆಯುತ್ತದೆ. ಹುಲ್ಲಿನ ಹೊರೆ, ಮೂಟೆ ಕಟ್ಟಿದ ಬೈಕಿಗೆ ಇದರ ಹೊಡೆತ ಹೆಚ್ಚು.

ಟ್ರ್ಯಾಕ್ಟರಿಗೆ ಸಂಬಂಧಿಸಿದ ಇನ್ನೊಂದು ಸಾಮಾನ್ಯ ಅಪಘಾತ ಬಲಕ್ಕೆ ಹೊಲದ ದಾರಿಗೆ ತಿರುಗುವಾಗ ಆಗುವಂಥದು. ಎರಡು ಪಥದ ರಸ್ತೆಯಲ್ಲಿ ಹಿಂದಿನ ಲಾರಿ ಟ್ರ್ಯಾಕ್ಟರನ್ನು ಹಿಂದಿಕ್ಕಲು ಬಲಕ್ಕೆ ಬಂದಿರುತ್ತದೆ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಲಕ್ಕೆ ತಿರುಗುತ್ತದೆ. ಟ್ರ್ಯಾಕ್ಟರಿನ ಸದ್ದಿನಲ್ಲಿ ಲಾರಿಯ ಹಾರ್ನ್ ಕೇಳುವುದಿಲ್ಲ. ಧ್ವನಿಪೆಟ್ಟಿಗೆಯ ಹಾಡು ಸೇರಿದರೆ ಹೇಳುವುದೇ ಬೇಡ. ಎರಡೂ ಬದಿಗೆ ಕನ್ನಡಿ ಹಾಕಿಸಿ. ತಿರುಗುವ ಮುನ್ನ ಎಡಕ್ಕೆ ಸರಿದು ನಿಲ್ಲಿಸಿ, ಹಿಂದಿನ ವಾಹನಗಳೆಲ್ಲ ಹೋದ ಮೇಲೆ ತಿರುಗಿಸಿ.

ರಾತ್ರಿಯ ಸಾಗಣೆ

ಕಬ್ಬು ಅರೆಯುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ರಸ್ತೆಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರುಗಳು ಸಾಗುತ್ತವೆ. ಲಾರಿಯ ತಗ್ಗಿಸಿದ ದೀಪದಲ್ಲಿ ದೀಪವಿಲ್ಲದ ಟ್ರೇಲರ್ ಸ್ಪಷ್ಟವಾಗಿ ಕಾಣುವುದು ಸುಮಾರು 50-60 ಮೀಟರ್ ಸಮೀಪಕ್ಕೆ ಬಂದಾಗ. ಎಂಬತ್ತರ ವೇಗದ ಲಾರಿ ನಿಲ್ಲಲು 95 ಮೀಟರ್ ಬೇಕೆಂದು ಮೇಲೆ ನೋಡಿದೆವು. ಕಂಡಾಗಲೇ ಕಾಲ ಮಿಂಚಿರುತ್ತದೆ.

ಇದಕ್ಕೆ ಅತಿ ಅಗ್ಗದ ಪರಿಹಾರ ಬೆಳಕು ಪ್ರತಿಫಲಿಸುವ ಪಟ್ಟಿ. ಟ್ರೇಲರಿನ ಹಿಂಭಾಗಕ್ಕೆ ಕೆಂಪು, ಪಕ್ಕಗಳಿಗೆ ಹಳದಿ, ಮುಂಭಾಗಕ್ಕೆ ಬಿಳಿ ಪಟ್ಟಿ ಅಂಟಿಸಬೇಕು. ಇದು ಲಾರಿಯ ದೀಪಕ್ಕೆ ನೂರಾರು ಮೀಟರ್ ದೂರದಿಂದಲೇ ಹೊಳೆಯುತ್ತದೆ. ಆದರೆ ಕಬ್ಬಿನ ತುದಿಗಳು, ಹುಲ್ಲು, ತೊಗರಿ ಕಟ್ಟಿಗೆ ಹಿಂದಕ್ಕೆ ಜೋತುಬಿದ್ದು ಈ ಪಟ್ಟಿಯನ್ನೂ ದೀಪವನ್ನೂ ಮುಚ್ಚಿಬಿಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಒಂದು ಹಲಗೆಗೆ ಪಟ್ಟಿ ಅಂಟಿಸಿ, ಹೊರೆಯ ಹೊರತುದಿಗೆ ಹಗ್ಗದಿಂದ ಕಟ್ಟಿ ನೇತುಹಾಕಿ. ಧೂಳನ್ನು ಪ್ರತಿ ಸಂಜೆ ಒದ್ದೆ ಬಟ್ಟೆಯಿಂದ ಒರೆಸಿ.

ಗಾಡಿ ಕೆಟ್ಟು ನಿಂತರೆ ಸಾಧ್ಯವಾದಷ್ಟು ಡಾಂಬರಿನಿಂದ ಕೆಳಗಿಳಿಸಿ. ಹಿಂದೆ ಕನಿಷ್ಠ 100 ಮೀಟರ್ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಿ. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ತಪ್ಪದೆ ತೆಗೆದುಹಾಕಿ. ನಾವು ಬಿಟ್ಟುಹೋದ ಕಲ್ಲಿಗೆ ನಮ್ಮದೇ ಊರಿನ ಹುಡುಗನೊಬ್ಬ ರಾತ್ರಿ ಬೈಕಿನಲ್ಲಿ ಬಂದು ಎಡವಬಹುದು.

ಹೊರಡುವ ಮುನ್ನ ನೋಡಬೇಕಾದವು

ಉಳುಮೆಯಲ್ಲಿ ಸಾಲಿನ ಕೊನೆಗೆ ತಿರುಗಿಸಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡ-ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಚಿಲಕದಿಂದ ಜೋಡಿಸಲೇಬೇಕು. ಮರೆತರೆ, ಅವಸರದಲ್ಲಿ ಒಂದೇ ಪೆಡಲ್ ಒತ್ತಿ ಟ್ರ್ಯಾಕ್ಟರ್ ಗಿರ್ರನೆ ಒಂದು ಪಕ್ಕಕ್ಕೆ ಎಳೆದು ಮಗುಚುತ್ತದೆ.

ಅನೇಕ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಹೊರೆ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ಇಳಿಜಾರು ಬರುವ ಮುನ್ನವೇ ಕೆಳ ಗೇರಿಗೆ ಬದಲಾಯಿಸಿ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಬಿಡಬೇಡಿ. ಕೊಂಡಿಯ ಪಿನ್ನಿಗೆ ಕಡ್ಡಾಯವಾಗಿ ಬೀಗದ ಕ್ಲಿಪ್ ಹಾಕಿ. ಟ್ರೇಲರಿನ ಹೊರೆ ಮಿತಿ ಮೀರಿದಾಗ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ, ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಟ್ರೇಲರ್ ಇರುವುದು ಸರಕಿಗೆ. ಹೊರೆಯ ಮೇಲೆ ಕೂಲಿಯಾಳುಗಳನ್ನಾಗಲಿ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನಾಗಲಿ ಕೂರಿಸಬಾರದು. ಚಾಲಕನ ಹೊರತು ಬೇರೆಯವರನ್ನು ಟ್ರ್ಯಾಕ್ಟರಿನಲ್ಲಿ ಕರೆದೊಯ್ಯಲು ನಿಯಮದಲ್ಲಿ ಅವಕಾಶವಿಲ್ಲ. ಹದಿನೆಂಟು ತುಂಬದ ಹುಡುಗರಿಗೆ ಟ್ರ್ಯಾಕ್ಟರ್ ಕೊಟ್ಟು ಅಪರಾಧ ನಡೆದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳಬಹುದು.

ರಸ್ತೆಯ ಮೇಲೆ ಒಕ್ಕಣೆ ಬೇಡ

ರಾಗಿ, ಹುರುಳಿ, ತೊಗರಿಯನ್ನು ರಸ್ತೆಯ ಮೇಲೆ ಹರಡಿ, ಲಾರಿ ಚಕ್ರಗಳಿಂದ ತುಳಿಸುವ ರೂಢಿ ಇನ್ನೂ ಹೋಗಿಲ್ಲ. ಹುಲ್ಲಿನ ಮೇಲೆ ಬ್ರೇಕು ಹಿಡಿಯುವುದಿಲ್ಲ. ದ್ವಿಚಕ್ರ ವಾಹನಗಳು ಜಾರುತ್ತವೆ. ಹುರುಳಿಯ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತುವುದೂ ಉಂಟು. ಬೆಳೆಯ ದೃಷ್ಟಿಯಿಂದಲೂ ಇದು ನಷ್ಟವೇ. ಕಾಳು ಒಡೆಯುತ್ತದೆ, ಕಲ್ಲು ಮತ್ತು ಎಣ್ಣೆ ಜಿಡ್ಡು ಸೇರುತ್ತದೆ, ಬಿತ್ತನೆಗೆ ಇಟ್ಟ ಬೀಜದ ಮೊಳಕೆ ಕುಗ್ಗುತ್ತದೆ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಕ್ಕಣೆ ಯಂತ್ರ ಬಾಡಿಗೆಗೆ ವಿಚಾರಿಸಿ. ನಾಲ್ಕೈದು ಮನೆಯವರು ಕೂಡಿ ಒಂದೇ ದಿನ ತರಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಅಪಘಾತವಾದಾಗ

ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108. ಕರೆ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಹೇಳಿದರೆ ವಾಹನ ಬೇಗ ತಲಪುತ್ತದೆ. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ತೊಂದರೆಯಿಂದ ರಕ್ಷಿಸಲು 2019ರ ತಿದ್ದುಪಡಿಯಲ್ಲಿ ಅವಕಾಶ ಮಾಡಲಾಗಿದೆ; ಪೊಲೀಸ್, ಕೋರ್ಟು ಎಂದು ಹೆದರಿ ದೂರ ನಿಲ್ಲಬೇಕಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಜನಸಂದಣಿ ಕೂಡಿ ಲಾರಿ ಚಾಲಕನನ್ನು ಹೊಡೆಯುವುದರಿಂದ ಗಾಯಾಳುವಿಗೆ ಉಪಯೋಗವಿಲ್ಲ. ಆಸ್ಪತ್ರೆಗೆ ಹೋಗುವ ಸಮಯ ಹಾಳಾಗುತ್ತದೆ. ನಮ್ಮ ಟೊಮೇಟೊವನ್ನು ಕೋಲಾರದಿಂದ ಹೊರ ರಾಜ್ಯಗಳಿಗೆ ರಾತ್ರಿ ನಿದ್ದೆಗೆಟ್ಟು ಒಯ್ಯುವವನೂ ಅಂತಹ ಚಾಲಕನೇ.

ನೆನಪಿಡಬೇಕಾದ ಮುಖ್ಯ ಅಂಶಗಳು

1. ನಿಮ್ಮ ಗಾಡಿ ದಾಟಲು ಬೇಕಾದ ಸೆಕೆಂಡುಗಳನ್ನು ಕಣದಲ್ಲಿ ಅಳೆದು, 3 ಸೇರಿಸಿ ನೆನಪಿಡಿ. ಅದನ್ನು ಲಾರಿಗೆ 22ರಿಂದ, ಕಾರಿಗೆ 28ರಿಂದ ಗುಣಿಸಿದರೆ ಖಾಲಿ ಇರಬೇಕಾದ ದೂರ ಮೀಟರಿನಲ್ಲಿ ಸಿಗುತ್ತದೆ.
2. ಕೆಳಸೇತುವೆ ಇದ್ದಲ್ಲಿ ಸುತ್ತಾದರೂ ಅದರಲ್ಲಿಯೇ ಹೋಗಿ.
3. ಟ್ರ್ಯಾಕ್ಟರ್ ಹೆದ್ದಾರಿಗೆ ಸೇರಲು ಹಿಂದೆ ಎರಡು ಕಲ್ಲಿನ ದೂರ ಖಾಲಿ ಇರಲಿ. ಎಡ ಅಂಚಿನಲ್ಲಿಯೇ ಸಾಗಿ.
4. ಲಾರಿಯ ಮುಂದೆ ತೂರಬೇಡಿ, ಎಡಪಕ್ಕದಲ್ಲಿ ನುಸುಳಬೇಡಿ.
5. ಟ್ರೇಲರಿಗೆ ಪ್ರತಿಫಲಕ ಪಟ್ಟಿ ಅಂಟಿಸಿ. ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ.
6. ಹೊರೆಯ ಮೇಲೆ ಯಾರನ್ನೂ ಕೂರಿಸಬೇಡಿ.

ಮುಂದಿನ ಹಂಗಾಮಿನಲ್ಲಿ ಶೇಂಗಾ ತಾಕು ನೋಡಲು ಅದೇ ಹಳ್ಳಿಗೆ ಹೋಗಿದ್ದೆ. ಆ ರೈತರ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ "20" ಎಂದು ಬರೆದಿತ್ತು. ಟ್ರೇಲರಿನ ಹಿಂದೆ ಕೆಂಪು ಪಟ್ಟಿ ಇತ್ತು. "ಈಗ ಬ್ರಿಡ್ಜ್ ಕೆಳಗಿಂದಾನೇ ಬರ್ತೀವಿ ಸಾರ್, ಒಂದೂವರೆ ಕಿಲೋಮೀಟರ್ ಸುತ್ತು" ಎಂದರು. ಅಂದು ಟ್ರ್ಯಾಕ್ಟರ್ ಓಡಿಸುತ್ತಿದ್ದವರು ಅವರ ಅಣ್ಣನೇ. ಹೊಲದಿಂದ ಬಂದ ಹೆಂಗಸರು ಟ್ರೇಲರ್ ಹತ್ತದೆ, ಕೆಳಸೇತುವೆಯ ಪಕ್ಕದ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದರು. ಆ ಸಲ ಇಳುವರಿ ಎಷ್ಟು ಬಂತೆಂದು ಕೇಳುವ ಮೊದಲು, ಎಲ್ಲರೂ ಮನೆ ಸೇರಿದರೇ ಎಂದು ಕೇಳಿದೆ. ಸೇರಿದ್ದರು.